ಗಂಗೆಯ ಗಿಂಡಿ ಹುಡುಕಿದ ರವಿವಾರ

ನನಗೆ ಹಳೆಯ ಸಾಮಾನು ಇಷ್ಟವೋ ಇಲ್ಲವೋ ಎಂಬುದು ಈಗ ನನಗೇ ಗೊತ್ತಾಗದಂತಾಗಿದೆ. ಇದನ್ನು ಯಾರ ಮುಂದೆ ಹೇಳುವುದು? ಒಂದು ವರ್ಷದಿಂದ ಗೆಳತಿಯರ ಜೊತೆ ರವಿವಾರ ರವಿವಾರ ಮೋಡಕಾ ಅಂಗಡಿ, ಅಂದರೆ ಗುಜರಿ ಅಂಗಡಿ, ಸುತ್ತುತ್ತಿರುವವಳು ನಾನು. ಜನ ಎಸೆದ ತಾಮ್ರ, ಹಿತ್ತಾಳೆ, ಕಂದೀಲು, ಗಡಿಯಾರ ಇವುಗಳ ನಡುವೆ ಕೂತು ಬಂದ ದಿನ ಡೈರಿಯಲ್ಲಿ ಎರಡೆರಡು ಪುಟ ಬರೆದಿದ್ದೇನೆ. ಆದರೆ ಮೊನ್ನೆ ಬರೆದದ್ದು ಒಂದೇ ಸಾಲು: ‘ಮೂರು ವಾರವಾಯಿತು, ನಾನು ನಾಟಕ ಮಾಡುತ್ತಿದ್ದೇನೆ.’

ಗೆಳತಿಯರು ಇಬ್ಬರು. ನೀಲಾಂಬಿಕಾ ಹಿರೇಕೆರೂರಿನವಳು, ಶಿಗ್ಗಾಂವಿಯಲ್ಲಿ ಅತಿಥಿ ಉಪನ್ಯಾಸಕಿ, ಅಲ್ಲಿ ಸೋದರಮಾವ ಶಂಭುಲಿಂಗ ಅವರ ಮನೆಯಲ್ಲಿರುತ್ತಾಳೆ. ಮಾವನ ಹಳೆಯ ಓಮ್ನಿ ರವಿವಾರ ನಮ್ಮದು. ಸುಮಯ್ಯ ನಮ್ಮ ಸವಣೂರಿನವಳೇ, ಝೆರಾಕ್ಸ್ ಅಂಗಡಿ ನಡೆಸುತ್ತಾಳೆ, ಊರಿನ ಅರ್ಧ ಜನರ ಆಧಾರ್ ಕಾರ್ಡು ಅವಳಿಗೆ ಬಾಯಿಪಾಠ. ಮೂವರೂ ಕಾಲೇಜಿನಲ್ಲಿ ಒಂದೇ ಬೆಂಚು. ಅವರಿಬ್ಬರೂ ಮಾತಾಡುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಎಂ.ಎ. ಮುಗಿಸಿ ಎರಡು ವರ್ಷ ಆಯಿತು. ಪರೀಕ್ಷೆ ಬರೆಯುತ್ತಿದ್ದೇನೆ, ಫಲಿತಾಂಶ ಬರುತ್ತಿದೆ, ನಾನು ಇನ್ನೊಂದಕ್ಕೆ ಅರ್ಜಿ ಹಾಕುತ್ತಿದ್ದೇನೆ.

ಈ ಮೂರು ವಾರದಲ್ಲಿ ಅವರ ಕಣ್ಣಿಗೆ ನಾನು ದೊಡ್ಡ ಪರಿಣತೆಯಾಗಿಬಿಟ್ಟಿದ್ದೇನೆ.

“ನಮ್ಮ ಹರಿಪ್ರಿಯಾ ತಾಂಬ್ರದ ಸಾಮಾನು ಹೆಂಗ ನೋಡ್ತಾಳ ನೋಡಲೇ ಸುಮಿ,” ಅನ್ನುತ್ತಾಳೆ ನೀಲಾ. “ಹೆಣ್ಣು ನೋಡಾಕ ಬಂದ ಬೀಗ್ತಿನೂ ಹಂಗ ನೋಡಂಗಿಲ್ಲ.”

“ನೋಡ್ತಾಳ, ಒಪ್ಪಂಗಿಲ್ಲ,” ಅನ್ನುತ್ತಾಳೆ ಸುಮಯ್ಯ.

ನಾನು ನಗುತ್ತೇನೆ. ನಿಜ ಏನೆಂದರೆ ನಾನು ಸಾಮಾನು ನೋಡುತ್ತಿಲ್ಲ, ಹುಡುಕುತ್ತಿದ್ದೇನೆ. ಅಜ್ಜಿಯ ಗಂಗೆಯ ಗಿಂಡಿ ಹುಡುಕುತ್ತಿದ್ದೇನೆ. ಅದು ಕಳೆದದ್ದು ನನ್ನಿಂದ. ಅದು ಮನೆಯಲ್ಲಿಲ್ಲ ಎಂಬುದು ನನ್ನ ಹೊರತು ಯಾರಿಗೂ ಗೊತ್ತಿಲ್ಲ.

ಅಂಗೈ ಮೇಲೆ ಕೂರುವಷ್ಟು ಪುಟ್ಟ ತಾಮ್ರದ ಚೆಂಬು ಅದು, ಬಾಯಿ ಮುಚ್ಚಿ ಬೆಸುಗೆ ಹಾಕಿದ್ದು. ಒಳಗೆ ಕಾಶಿಯಿಂದ ತಂದ ಗಂಗೆ. ನಮ್ಮಂಥ ಮನೆಗಳಲ್ಲಿ ಅದನ್ನು ದೇವರ ಕಟ್ಟೆಯ ಮೇಲೆ ವರ್ಷಗಟ್ಟಲೆ ಹಾಗೇ ಇಟ್ಟಿರುತ್ತಾರೆ. ಒಡೆಯುವುದು ಎರಡೇ ಹೊತ್ತಿಗೆ: ನಾಲ್ಕು ಜನರನ್ನು ಕರೆದು ಗಂಗಾ ಸಮಾರಾಧನೆ ಮಾಡುವಾಗ, ಇಲ್ಲವೇ ಮನೆಯಲ್ಲಿ ಯಾರಿಗಾದರೂ ಕೊನೆಯ ಗುಟುಕು ಹಾಕುವಾಗ. ನಮ್ಮ ಅಜ್ಜಿ ಗೋಪಿಕಾಬಾಯಿ ನಲವತ್ತೊಂದು ವರ್ಷದ ಹಿಂದೆ ಅಜ್ಜನ ಜೊತೆ ಕಾಶಿಗೆ ಹೋದಾಗ ತಂದದ್ದು. ಅಜ್ಜ ಹೋದದ್ದು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ, ಅವಸರದಲ್ಲಿ. ಗಿಂಡಿ ಇಲ್ಲಿ ಸವಣೂರಿನಲ್ಲೇ ಉಳಿಯಿತು. ಅದಕ್ಕೇ ಅಜ್ಜಿಗೆ ಅದರ ಮೇಲೆ ಅಷ್ಟು ಜೀವ ಎಂದು ಅಮ್ಮ ಹೇಳುತ್ತಿದ್ದಳು.

ಎರಡು ತಿಂಗಳ ಹಿಂದೆ ಮನೆಗೆ ಬಣ್ಣ ಹಚ್ಚಿಸಿದೆವು. ಬಣ್ಣದ ವಾಸನೆ ಆಗದೆಂದು ಅಜ್ಜಿ ಯಲವಿಗಿಯ ತಂಗಿಯ ಮನೆಗೆ ಹೋದಳು, ಬಿಡಲು ಅಮ್ಮನೂ ಹೋದಳು. ಹೋಗುವ ಮುಂಚೆ ಅಮ್ಮ ಮಡಿಯಲ್ಲಿ ದೇವರ ಮನೆಯ ಹೆಚ್ಚಿನ ಪಾತ್ರೆಗಳನ್ನೂ ಗಿಂಡಿಯನ್ನೂ ಒಂದು ಚೀಲಕ್ಕೆ ತುಂಬಿ ಪಡಸಾಲೆಯ ಮೂಲೆಗಿಟ್ಟಳು. ಪಕ್ಕದಲ್ಲಿ ಮೋಡಕಾಕ್ಕೆ ಹಾಕುವ ಹರಕು ಮುರುಕಿನ ಚೀಲ. ಅಪ್ಪ ಶಾಲೆಗೆ ಹೋಗಿದ್ದ. ಸಿರಾಜುದ್ದೀನನ ಗಾಡಿ ಬಂತು.

ಆ ದಿನ ನಾನು ತಿಂಗಳ ಮೂರು ದಿನದ ಲೆಕ್ಕದಲ್ಲಿ ಹೊರಗೆ ಕೂತಿದ್ದೆ. ಮಡಿಯ ಚೀಲದ ಹತ್ತಿರ ನಾನು ಹೋಗುವ ಹಾಗಿಲ್ಲ. ಅಜ್ಜಿ ಮನೆಯಲ್ಲಿರಲಿಲ್ಲ, ನಾನು ಹತ್ತಿರ ಹೋಗಿದ್ದರೂ ಯಾರೂ ಕೇಳುತ್ತಿರಲಿಲ್ಲ. ಆದರೂ ಹೋಗಲಿಲ್ಲ. ಅಂಗಳದ ಬಾಗಿಲಲ್ಲಿ ನಿಂತೇ ಬೆರಳು ತೋರಿಸಿದೆ. ಸಿರಾಜುದ್ದೀನ ಒಂದು ಚೀಲ ಹೊತ್ತೊಯ್ದ. ಮತ್ತೆ ಬಂದ.

“ಇದೂ ಏನ್ರಿ ಅಕ್ಕಾರ?”

ಯಾವುದನ್ನು ತೋರಿಸುತ್ತಿದ್ದಾನೆ ಎಂದು ನನಗೆ ಸರಿಯಾಗಿ ಕಾಣಲಿಲ್ಲ. ತಾಳಪ್ಪ, ನೋಡಿ ಹೇಳುತ್ತೇನೆ ಅನ್ನಬೇಕಿತ್ತು. ಅವನ ಗಾಡಿಯ ಹಿಂದೆ ಟ್ರ್ಯಾಕ್ಟರೊಂದು ಹಾರ್ನ್ ಹೊಡೆಯುತ್ತಿತ್ತು, ಬಣ್ಣದವರು ಏಣಿ ಹಿಡಿದು ನನ್ನ ಮುಖ ನೋಡುತ್ತಿದ್ದರು. ನನ್ನ ಬಾಯಿಂದ “ಹೂಂ” ಎಂದು ಬಂತು.

ಅಷ್ಟೇ ಆದದ್ದು. ಅಪ್ಪ ಅಮ್ಮ ಇಬ್ಬರೂ, ಇನ್ನೊಬ್ಬರು ಆ ಚೀಲವನ್ನು ಅಟ್ಟಕ್ಕೆ ಏರಿಸಿದ್ದಾರೆ ಎಂದುಕೊಂಡರು. ನಾನೂ ಮರೆತೇಬಿಟ್ಟಿದ್ದೆ. ಮೂರು ವಾರದ ಹಿಂದೆ ಅಜ್ಜಿ ಯಲವಿಗಿಯಿಂದ ಮರಳಿದ ದಿನ ಊಟಕ್ಕೆ ಕೂತಾಗ ಮಾತು ತೆಗೆದಳು.

“ಈ ಸಲ ದ್ವಾದಶಿಗೆ ಗಂಗಿ ಒಡಸಿಬಿಡೋಣು. ನನಗ ಗೊಟಕ್ ಗೊಟಕ್ ಅನ್ನೂ ಹೊತ್ತಿನ್ಯಾಗ ನಿಮ್ಮಪ್ಪ ಸುತ್ತಿಗಿ ಎಲ್ಲೆ ಅದ, ಉಳಿ ಎಲ್ಲೆ ಅದ ಅಂತ ಮನಿಯೆಲ್ಲಾ ಹುಡುಕ್ಕೋತ ಅಡ್ಡಾಡತಾನ. ಅವಗ ಸಿಗೂದ್ರಾಗ ನಾ ಹೋಗಿರ್ತೀನಿ. ಕಾಲು ಗಟ್ಟಿ ಇರೂ ಮುಂದನ ಎಲ್ಲಾರೂ ಕೂತು ಒಂದೊಂದ್ ಉದ್ಧರಣಿ ತೊಗೊಂಡ್ರಾತು.”

ಅಪ್ಪ ಜಯತೀರ್ಥ, ಹೈಸ್ಕೂಲ್ ಮಾಸ್ತರ, ಎಲ್ಲರನ್ನೂ ಹೆದರಿಸುವ ಮನುಷ್ಯ, ತಲೆ ತಗ್ಗಿಸಿ ನಕ್ಕ. ಬಳಗವನ್ನು ಕರೆಯಲು ಯಲವಿಗಿಗೆ ಫೋನು ಹೋಯಿತು, ಹುಬ್ಬಳ್ಳಿಗೆ ಹೋಯಿತು.

“ಹರೀ, ದ್ವಾದಶಿ ಹತ್ರ ಬಂದಾಗ ಅಟ್ಟದ ಮ್ಯಾಲಿನ ಚೀಲಾ ಇಳಿಸಿಡವಾ,” ಅಂದಳು ಅಜ್ಜಿ.

“ಹೂಂ,” ಅಂದೆ.

ಆ ರಾತ್ರಿ ಏಣಿ ಹತ್ತಿ ನೋಡಿದರೆ ಅಟ್ಟದಲ್ಲಿ ಆ ಚೀಲ ಇರಲಿಲ್ಲ. ದ್ವಾದಶಿ ಈ ಗುರುವಾರ. ಇವತ್ತು ರವಿವಾರ.

*

ಬೆಳಿಗ್ಗೆ ಎಂಟಕ್ಕೆ ಓಮ್ನಿ ಬಂತು. ನೀಲಾಳಿಗೆ ಒಂದು ಗೋಡೆ ಗಡಿಯಾರವನ್ನು ಹಿರೇಕೆರೂರಿನ ಮನೆಗೆ ಮುಟ್ಟಿಸಬೇಕಿತ್ತು. ಕೊಂಡದ್ದನ್ನೆಲ್ಲ ಅವಳು ಅಲ್ಲಿಗೇ ಸಾಗಿಸುತ್ತಾಳೆ, ಮಾವನ ಮನೆಯಲ್ಲಿ ಅತ್ತೆ ಇಡಗೊಡುವುದಿಲ್ಲ. “ಹೋಗೂ ದಾರ್ಯಾಗ ಎಲ್ಲಾ ಅಂಗಡಿ ಮಾಡ್ಕೋತ ಹೋಗೂಣು,” ಅಂದಳು.

ಮೊದಲು ಸವಣೂರಿನಲ್ಲೇ, ಸಿರಾಜುದ್ದೀನನ ಹಿತ್ತಲು. ನನಗೆ ಮೊದಲು ಬಲು ಪ್ರೀತಿಯ ಜಾಗ ಅದು. ದೊಡ್ಡ ಮನೆಗಳು ಬಿದ್ದಾಗ ಅವುಗಳ ಬಾಗಿಲು, ಕಿಟಕಿಯ ಬಣ್ಣದ ಗಾಜು, ಹೂಬಳ್ಳಿ ಬರೆದ ಚೀನಿ ಬಟ್ಟಲು ಎಲ್ಲ ಅಲ್ಲಿಗೇ ಬರುತ್ತವೆ. ಹಿಡಿಕೆ ಇಲ್ಲದ ಚಹಾ ಕಪ್ಪೊಂದು ನನ್ನ ಮೇಜಿನ ಮೇಲೆ ಪೆನ್ನು ಹಿಡಿದು ನಿಂತಿದೆ, ಅದೂ ಅಲ್ಲಿನದೇ. ಆದರೆ ಕಳೆದ ಎರಡು ರವಿವಾರ ಅಲ್ಲಿಗೆ ಹೋಗಿಯೂ ಕೇಳಬೇಕಾದದ್ದನ್ನು ಕೇಳದೆ ಬಂದಿದ್ದೆ. ಇವತ್ತು ಕೇಳಲೇಬೇಕು ಎಂದು ಡೈರಿಯಲ್ಲಿ ಪ್ರಶ್ನೆಯನ್ನು ಬರೆದುಕೊಂಡೇ ಹೋಗಿದ್ದೆ.

ಕೇಳಿದ್ದು ಸುಮಯ್ಯ, ಬೇರೆ ಏನನ್ನೋ. “ಸಿರಾಜ್ ಭಾಯ್, ತಾಂಬ್ರದ್ದು ಚಲೋ ಸಾಮಾನು ಯಾಕ ನಿಮ್ಮ ಕಡೆ ಕಾಣಂಗಿಲ್ಲ?”

“ತಾಂಬ್ರ ನನ್ನ ಕಡೆ ಒಂದಿನ ನಿಲ್ಲಂಗಿಲ್ರಿ. ಎಲ್ಲಾ ಶಿಗ್ಗಾಂವಿ ಮಾಬೂಬಿ ಅಂಗಡಿಗೆ.” ಅಷ್ಟು ಹೇಳಿ ಅವನು ನನ್ನನ್ನು ನೋಡಿದ. “ನೀವು ಮಾಸ್ತರ ಮನಿ ಅಕ್ಕಾರಲ್ರಿ? ಬಣ್ಣಾ ಹಚ್ಚೂ ಮುಂದ ಎರಡು ಚೀಲ ಕೊಟ್ರಿ. ಒಂದ್ರಾಗ ಬೇಷ್ ತಾಂಬ್ರ ಇತ್ತು ನೋಡ್ರಿ.”

ನೀಲಾ ಸೊಂಟದ ಮೇಲೆ ಕೈಯಿಟ್ಟಳು. “ಅಬಬಬಾ! ಮನ್ಯಾಂದು ಮೋಡಕಾಕ್ಕ ಹಾಕಿ, ಊರ ಮಂದೀದು ಹುಡುಕಾಕತ್ತಿ?”

“ನಮಗರೇ ಕೊಡಬಾರದೇನ ಮಾರಾಯ್ತಿ?” ಅಂದಳು ಸುಮಯ್ಯ.

ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಬಾಯಿಯವರೆಗೆ ಬಂತು. ಆದರೆ ಎಲ್ಲಿಂದ ಸುರು ಮಾಡುವುದು? ಹೊರಗೆ ಕೂತಿದ್ದೆ ಎಂಬಲ್ಲಿಂದಲೋ, ಹೂಂ ಅಂದೆ ಎಂಬಲ್ಲಿಂದಲೋ? ಮಡಿ ಮೈಲಿಗೆಯ ಮಾತೆತ್ತಿದರೆ ಸುಮಯ್ಯಳಿಗೆ ಹೇಗೆ ಕೇಳಿಸುತ್ತದೆ, ಸಿರಾಜುದ್ದೀನನಿಗೆ ಹೇಗೆ ಕೇಳಿಸುತ್ತದೆ? ಅವನು ಕೇಳಿಯೇ ಒಯ್ದಿದ್ದ. ತಪ್ಪು ಅವನದಲ್ಲ. ನಾನು ಇಷ್ಟೆಲ್ಲ ಯೋಚಿಸುವಷ್ಟರಲ್ಲಿ ಅವರಿಬ್ಬರೂ ಒಂದು ಒಡಕು ಕಂದೀಲಿನ ಹಿಂದೆ ಹೋಗಿದ್ದರು.

ಶಿಗ್ಗಾಂವಿಯಲ್ಲಿ ಮಾಬೂಬಿಯ ಅಂಗಡಿ ಅಂದರೆ ತಗಡಿನ ಚಪ್ಪರ, ದೊಡ್ಡ ತಕ್ಕಡಿ, ಅದರ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಾಬೂಬಿ. ವಯಸ್ಸು ಅರವತ್ತರ ಮೇಲೆ. ತೂಕಕ್ಕೆ ಹೋಗುವ ಸಾಮಾನಿನ ನಡುವಿನಿಂದ ಚೆಂದದ್ದನ್ನು ಬೇರೆ ಮಾಡಿ ನಮಗಾಗಿ ಒಂದು ಡಬ್ಬಿಯಲ್ಲಿ ಇಟ್ಟಿರುತ್ತಾಳೆ. ನೀಲಾ ಮತ್ತು ಸುಮಯ್ಯ ಆ ಡಬ್ಬಿಯ ಮೇಲೆ ಬಿದ್ದರು. ನಾನು ಕುರ್ಚಿಯ ಹತ್ತಿರ ನಿಂತೆ. ಮಾಬೂಬಿ ತಲೆ ಎತ್ತಿದಳು.

“ಯಾಕ ಬೇಟಿ? ಏನೋ ಕೇಳಬೇಕಂತ ಬಂದು ಹೋದ ಸಲಾನೂ ಹಂಗ ನಿಂತು ಹೋದಿ.”

ನಾನು ಡೈರಿ ತೆರೆದು ಅದರಲ್ಲಿ ಬಿಡಿಸಿದ ಚಿತ್ರ ತೋರಿಸಿದೆ. ಮುಚ್ಚಿದ ಬಾಯಿಯ ಗಿಂಡಿ.

“ಓ, ನೀರಿನ ಗಿಂಡಿ,” ಅಂದಳು ಮಾಬೂಬಿ. “ಬರ್ತಾವ. ಮನಿ ಖಾಲಿ ಮಾಡಿದ್ರ ಬರ್ತಾವ. ಎರಡು ತಿಂಗಳದಾಗ ನಾಕೋ ಐದೋ ಬಂದ್ವು. ಒಂದು ಯಾರೋ ಚಂದ ಐತಿ ಅಂತ ಒಯ್ದ್ರು, ಯಾರಂತ ನೆನಪಿಲ್ಲ. ಉಳಿದದ್ದು ಹಾನಗಲ್ಲ ಪರಮೇಶಪ್ಪಗ ಕೊಟ್ಟೆ. ಯಾರಿಗೆ ಬೇಕವ್ವ?”

“ನಮ್ಮ ಅಜ್ಜಿಗೆ.”

ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ನನಗೆ ಎದೆ ಹಗುರಾಯಿತೋ ಭಾರವಾಯಿತೋ ಎಂದು ಬಂಕಾಪುರ ದಾಟುವವರೆಗೂ ಗೊತ್ತಾಗಲಿಲ್ಲ. ಹಾನಗಲ್ಲಿಗೆ ಹೋಗಬೇಕು, ಅಜ್ಜಿಗೆ ಒಂದು ಗಂಗೆಯ ಗಿಂಡಿ ಬೇಕು ಎಂದಷ್ಟೇ ಗೆಳತಿಯರಿಗೆ ಹೇಳಿದೆ. “ಇಷ್ಟಕ್ಕ ಮೂರು ವಾರ ಮುಖಾ ಹಂಗ ಮಾಡಿದ್ದಿ?” ಅಂದಳು ನೀಲಾ, ಗೇರು ಬದಲಿಸುತ್ತ.

“ಕಾಶೀಗೆ ಹೋಗಿ ಬರೂಣು ಅಂದಿದ್ರ ಓಮ್ನಿ ಹೊಡೀತಿದ್ಳು ಇಕಿ,” ಅಂದಳು ಸುಮಯ್ಯ. “ಹಾವೇರಿ ಮಟಾ.”

*

ಪರಮೇಶಪ್ಪನವರು ಕಂಚುಗಾರರು. ಹಾನಗಲ್ಲಿನ ಒಂದು ಓಣಿಯಲ್ಲಿ ಅವರ ಕುಲುಮೆ, ಎದುರಿಗೆ ಕಲಾಯಿ ಹಾಕಿಸಲು ಬಂದ ಪಾತ್ರೆಗಳ ಸಾಲು. ಹಳೆಯ ತಾಮ್ರ ಬಂದರೆ ಕರಗಿಸಿ ಹೊಸದು ಮಾಡುವುದು ಅವರ ಕೆಲಸ. ನಾನು ಚಿತ್ರ ತೋರಿಸಿದ ಕೂಡಲೇ ಅವರು ಎದ್ದು ಕೈ ತೊಳೆದುಕೊಂಡರು. ಒಳಗಿನ ಗೂಡಿನಿಂದ ಮೂರು ಗಿಂಡಿ ತಂದು ಒರೆಸಿದ ಹಲಗೆಯ ಮೇಲಿಟ್ಟರು.

“ಇವನ್ನ ನಾವು ಕುಲುಮಿಗೆ ಹಾಕಂಗಿಲ್ರಿ. ನಮ್ಮಪ್ಪನ ಕಾಲದಿಂದ. ಒಳಗ ಗಂಗಿ ಇರೂತನಾ ನಾವು ಬೆಸಿಗಿ ಬಿಚ್ಚಂಗಿಲ್ಲ. ಯಾರರೇ ಹುಡುಕ್ಕೊಂಡು ಬರ್ತಾರ, ಬರೂತನಾ ಇಟ್ಟಿರ್ತೀವಿ.”

ಮೂರೂ ಒಂದೇ ಥರ. ಅದೇ ಗಾತ್ರ, ಅದೇ ಕಂದು, ಬಾಯಲ್ಲಿ ಅದೇ ಬೂದು ಬಣ್ಣದ ಬೆಸುಗೆ. ಇಪ್ಪತ್ತೈದು ವರ್ಷ ದಿನಾ ನೋಡಿದ ವಸ್ತುವನ್ನು ನಾನು ಗುರುತಿಸಲಾರದೆ ನಿಂತೆ. ಒಂದೊಂದನ್ನೇ ಕಿವಿಗೆ ಹಿಡಿದು ಅಲ್ಲಾಡಿಸಿದೆ. ಮೂರರಲ್ಲೂ ನೀರು ಒಂದೇ ಸದ್ದು ಮಾಡಿತು. ದೇವರ ಕಟ್ಟೆಯ ಮೇಲಿದ್ದದ್ದನ್ನು ನಾನು ನಿಜವಾಗಿ ಎಂದಾದರೂ ನೋಡಿದ್ದೆನೋ, ಅಥವಾ ಅದು ಅಲ್ಲಿದೆ ಎಂದು ಗೊತ್ತಿತ್ತು ಅಷ್ಟೆಯೋ?

ಹೊರಗೆ ಬಂದು ಮನೆಗೆ ಫೋನ್ ಮಾಡಿದೆ. ಎತ್ತಿದವಳು ಅಜ್ಜಿಯೇ.

“ಅಜ್ಜಿ, ನಮ್ಮ ಗಿಂಡಿಗೆ ಏನರೇ ಗುರ್ತದ ಏನು?”

“ಯಾಕವಾ?”

“ಸುಮ್ಮನ. ಡೈರಿಯೊಳಗ ಬರೀಲಿಕ್ಕೆ.”

“ನೆಗ್ಗ್ಯದಲ್ಲ, ನೋಡಿಲ್ಲೇನು? ಯಲವಿಗಿ ಟೇಶನ್ನಾಗ ಇಳಿಯೂ ಮುಂದ ನಿಮ್ಮಜ್ಜ ಕೆಡವಿದ್ರು. ಕಾಶಿಯಿಂದ ಯಲವಿಗಿ ತನಕಾ ನನ್ನ ತೊಡಿ ಮ್ಯಾಲಿತ್ತು. ಕಡೀಕ, ನಾ ಹಿಡೀತೀನಿ ಕೊಡು ಅಂತ ಇಸ್ಕೊಂಡ್ರು, ಕೆಡವಿದ್ರು. ಆಮ್ಯಾಲೆ ಮೂರು ದಿನಾ ನನ್ನ ಮುಂದ ಸಪ್ಪಳಿಲ್ಲ ಮನಷ್ಯಾ.” ಅಜ್ಜಿ ನಕ್ಕಳು.

“ಎಲ್ಲೆ ನೆಗ್ಗ್ಯದ ಅಜ್ಜಿ? ಮ್ಯಾಲೋ, ಕೆಳಗೋ?”

“ಅದು ಕೈಗೆ ಗೊತ್ತವಾ, ಬಾಯಿಲೆ ಹ್ಯಾಂಗ ಹೇಳಲಿ? ಇಳಿಸ್ಕೊಂಡು ಬಾ, ಬಟ್ಟಿಟ್ಟು ತೋರಸ್ತೀನಿ.”

ಒಳಗೆ ಬಂದು ಮೂರನ್ನೂ ತಿರುಗಿಸಿ ನೋಡಿದೆ. ಒಂದರ ಹೊಟ್ಟೆ ನೆಗ್ಗಿತ್ತು. ಹುಣಸೆ ಬೀಜದಷ್ಟು ತಗ್ಗು. ಇದೇ ಇರಬೇಕು. ಇರಬಾರದೇಕೆ? ಅಜ್ಜ ಕೆಡವಿದರೆ ಹೊಟ್ಟೆಯೇ ತಾನೆ ನೆಗ್ಗುವುದು?

ಪರಮೇಶಪ್ಪನವರು ನನ್ನನ್ನೇ ನೋಡುತ್ತಿದ್ದರು. “ತೂಕಕ್ಕ ಮಾರೂ ಸಾಮಾನಲ್ಲವ್ವ ಇದು. ಯಾರ ಮನೀದೋ ಅವರ ಒಯ್ಬೇಕು. ನಿಮ್ದ ಹೌದಲ್ಲೋ?”

ಸುಮಯ್ಯ ನನ್ನ ಕಡೆ ತಿರುಗಿದಳು. ಹೊರಗೆ ಕಲಾಯಿಯ ಪಾತ್ರೆ ನೋಡುತ್ತಿದ್ದ ನೀಲಾಳೂ ತಿರುಗಿದಳು.

“ಹೂಂ,” ಅಂದೆ.

ಅವರು ಅದನ್ನು ಬಾಳೆ ಎಲೆಯ ತುಂಡಿನಲ್ಲಿ ಸುತ್ತಿ ಎರಡೂ ಕೈಯಿಂದ ಕೊಟ್ಟರು. ನಾನು ಎರಡೂ ಕೈಯಿಂದ ಇಸಿದುಕೊಂಡೆ. ಓಮ್ನಿಯಲ್ಲಿ ಕೂತ ಮೇಲೆ ಸುಮಯ್ಯ ಮೆಲ್ಲಗೆ ಕೇಳಿದಳು, “ನಿಮ್ದ ಅಂದಿ. ನಿಮ್ದು ಹಾನಗಲ್ಲಾಗ ಹೆಂಗ ಬಂತು?”

“ಆಮ್ಯಾಲೆ ಹೇಳ್ತೀನಿ,” ಅಂದೆ.

*

ಹಿರೇಕೆರೂರು ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಎರಡು. ನೀಲಾಳ ಅಜ್ಜಿ ವೀರವ್ವ ಕಟ್ಟೆಯ ಮೇಲೆ ಕೂತು ನಮ್ಮನ್ನು ಕಾಯುತ್ತಿದ್ದಳು.

“ಬರ್ರೆವ್ವಾ ಬರ್ರಿ. ಏನು ತಂದಿ ಈ ಸಲ? ಗಡಿಯಾರ? ನಡೀತೈತೇನ ಅದು?”

“ನಡೀದಿದ್ರೂ ಚಂದ ಐತಿ ಯಮ್ಮಾ.”

“ನಿಮ್ಮ ಅಜ್ಜನೂ ಹಂಗ ಇದ್ದ,” ಅಂದಳು ವೀರವ್ವ.

ನಾನು ನೀಲಾಳ ಮನೆಗೆ ಹೋದದ್ದು ಅದೇ ಮೊದಲು. ಪಡಸಾಲೆಯಲ್ಲಿ ಅವಳ ಸಾಮಾನಿನ ಕಪಾಟು: ಅಡಕೊತ್ತುಗಳು, ಸೇರು ಪಾವುಗಳು, ಗಂಟೆ ಇಲ್ಲದ ಟೆಲಿಫೋನು, ನಾವು ಮೂವರೂ ಕೂಡಿ ಆರಿಸಿದ ಎಷ್ಟೋ ವಸ್ತುಗಳು. ಒಂದೊಂದರ ಹಿಂದೆಯೂ ಒಂದೊಂದು ರವಿವಾರ ಇತ್ತು. ಅವನ್ನು ನೋಡುತ್ತಾ ಮೂರು ವಾರದ ಮೇಲೆ ಮೊದಲ ಸಲ ನನಗೆ ಹಾಯೆನಿಸಿತು. ಸುಮಯ್ಯ ಗಡಿಯಾರಕ್ಕೆ ಮೊಳೆ ಹುಡುಕುತ್ತಿದ್ದಳು. ವೀರವ್ವ ಬಿಸಿ ಬಿಸಿ ಒಗ್ಗರಣೆ ಅವಲಕ್ಕಿ ತಂದುಕೊಟ್ಟಳು. ತಟ್ಟೆ ಹಿಡಿದು ಕಿಟಕಿಯ ಹತ್ತಿರ ಹೋದೆ.

ಕಿಟಕಿಯಲ್ಲಿ ಒಂದು ಮನಿಪ್ಲಾಂಟ್ ಇತ್ತು. ಅದು ನಿಂತದ್ದು ಒಂದು ತಾಮ್ರದ ಗಿಂಡಿಯಲ್ಲಿ. ಬೆಸುಗೆ ಕೊಯ್ದು ಬಾಯಿ ಬಿಡಿಸಿದ್ದರು. ಕುತ್ತಿಗೆಯ ಕೆಳಗೆ, ಹೆಗಲ ಮೇಲೆ, ಹೆಬ್ಬೆರಳು ಕೂರುವಷ್ಟು ಒಂದು ನೆಗ್ಗು. ಇಡೀ ಗಿಂಡಿ ತಿಕ್ಕಿ ತಿಕ್ಕಿ ಥಳಥಳ ಹೊಳೆಯುತ್ತಿತ್ತು, ನೆಗ್ಗಿನೊಳಗೆ ಮಾತ್ರ ಹಳದಿ ಮೆತ್ತಿ ಗಟ್ಟಿಯಾಗಿತ್ತು.

“ಅದೊಂದು ಹೋಗವಲ್ದು ನೋಡು,” ಅಂದಳು ನೀಲಾ, ನನ್ನ ಹಿಂದೆ ಬಂದು. “ಹುಣಸಿಹಣ್ಣು ಹಚ್ಚಿದೆ, ಪೀತಾಂಬರಿ ಪುಡಿ ಹಚ್ಚಿದೆ. ಸುಣ್ಣನೋ ಏನೋ.”

ಸುಣ್ಣ ಅಲ್ಲ. ಗಂಧ. ದ್ವಾದಶಿಯ ಬೆಳಿಗ್ಗೆ ಅಜ್ಜಿ ಗಂಧ ತೇಯ್ದು ದೇವರಿಗೆಲ್ಲ ಹಚ್ಚಿದ ಮೇಲೆ ಬೆರಳಲ್ಲಿ ಉಳಿದದ್ದನ್ನು ಗಿಂಡಿಗೆ ಒತ್ತುತ್ತಾಳೆ. ಅದನ್ನು ನಾನು ನೋಡಿದ್ದೇನೆ. ಒತ್ತುವಾಗ ಅವಳು ಗಿಂಡಿಯನ್ನು ನೋಡುವುದೇ ಇಲ್ಲ, ಬೆರಳು ತಾನೇ ಹೋಗಿ ಒಂದು ಜಾಗದಲ್ಲಿ ಕೂರುತ್ತದೆ. ಆ ಜಾಗ ಇದು.

“ಇದು ಎಲ್ಲಿ ಸಿಕ್ತು?” ತಟ್ಟೆಯನ್ನು ಕಿಟಕಿಯ ಕಟ್ಟೆಗಿಟ್ಟು ಕೇಳಿದೆ.

“ಮಾಬೂಬಿ ಕಡೆ. ನೀನೂ ಇದ್ದೆಲ್ಲ! ಕಾಗದದಾಗ ಸುತ್ತಿ ನಿನ್ನ ತೊಡಿ ಮ್ಯಾಲ ಇಟ್ಟಿದ್ದೆ.”

ಚೀಲದಿಂದ ಡೈರಿ ತೆಗೆದು ಹಿಂದೆ ಹಿಂದೆ ಹೋದೆ. ಬಣ್ಣ ಹಚ್ಚಿದ ಮರುವಾರ. ನನ್ನದೇ ಅಕ್ಷರ: ‘ಶಿಗ್ಗಾಂವಿಯಿಂದ ಬರುವಾಗ ನೀಲಾಳ ಗಂಟು ತೊಡೆಯ ಮೇಲೆ. ತಣ್ಣಗಿತ್ತು. ಒಳಗೆ ಏನೋ ಕುಲುಕುತ್ತಿತ್ತು. ಚೆನ್ನಾಗಿತ್ತು.’

ಚೆನ್ನಾಗಿತ್ತು ಎಂದು ಬರೆದಿದ್ದೆ.

“ಒಳಗ ನೀರಿತ್ತಲ್ಲ?” ಎಂದು ಕೇಳಿದೆ.

“ಇತ್ತು. ಮಳಿ ನೀರು ಹೊಕ್ಕಿರಬೇಕಂತ ಹಿತ್ತಲದಾಗ ಕರಿಬೇವಿನ ಬುಡಕ್ಕ ಚೆಲ್ಲಿದೆ. ವಾಸನಿನೂ ಇರಲಿಲ್ಲ ಅದಕ್ಕ.” ನೀಲಾ ನನ್ನ ಮುಖ ನೋಡಿ ತಡೆದಳು. ಆಮೇಲೆ ನನ್ನ ಚೀಲದಲ್ಲಿದ್ದ ಬಾಳೆ ಎಲೆಯ ಪೊಟ್ಟಣ ನೋಡಿದಳು. “ತಡೀ. ಇದೂ ಅಂಥಾದ್ದ ಏನು? ಗಂಗೀದು? ನನಗ ಗೊತ್ತಿರಲಿಲ್ಲಲೇ ಹರಿ. ಪಾಪ, ಯಾರ ಮನೀದೋ ಏನೋ.”

“ಯಾರ ಮನೀದೋ,” ಅಂದೆ ನಾನು.

“ನಾ ಆವಾಗ ಹೇಳಿದ್ನೆವ್ವಾ, ಮುಚ್ಚಿದ್ದನ್ನ ಕೊಯ್ಯಬ್ಯಾಡ ಅಂತ,” ಅಂದಳು ವೀರವ್ವ ಒಳಗಿನಿಂದ. “ಆದ್ರ ಕರಿಬೇವು ಮಾತ್ರ ಹೆಂಗ ಚಿಗತೈತಿ ನೋಡ ಬಾ. ಇವತ್ತಿನ ಒಗ್ಗರಣಿಗೂ ಅದ್ರದ್ದ.”

ತಟ್ಟೆಯಲ್ಲಿ ನೋಡಿದೆ. ಹಳದಿ ಅವಲಕ್ಕಿಯ ನಡುವೆ ಆರೋ ಏಳೋ ಕರಿಬೇವಿನ ಎಲೆ. ದಿನಾ ಬದಿಗಿಡುವವಳು ನಾನು. ಈಗ ಬದಿಗಿಡುವುದು ಸರಿಯೋ ತಪ್ಪೋ? ತಿಂದರೆ ಅಜ್ಜಿಗೆ ಬರಬೇಕಾದದ್ದನ್ನು ನಾನು ತಿಂದಂತೆಯೋ? ನಗು ಬಂತು, ಅದರ ಜೊತೆಗೆ ಅಳುವೂ ಬಂತು, ಯಾವುದನ್ನು ಮೊದಲು ತಡೆಯಬೇಕೋ ತಿಳಿಯದೆ ಒಂದೊಂದೇ ಎಲೆ ಅಗಿದು ನುಂಗಿದೆ. ಏಳು ಇದ್ದವು.

“ಇಷ್ಟ ಆದ್ರ ಒಯ್ಯಿ,” ಅಂದಳು ನೀಲಾ, ಮನಿಪ್ಲಾಂಟನ್ನು ತೋರಿಸಿ. “ನೋಡಾಕತ್ತಿ ನೋಡಾಕತ್ತಿ, ಒಂದರೇ ಒಯ್ಯಿ.”

“ಬ್ಯಾಡ,” ಅಂದೆ. “ಇಲ್ಲೇ ಇರಲಿ.”

ಯಾಕೆ ಹಾಗಂದೆನೋ ಗೊತ್ತಿಲ್ಲ. ನೀಲಾಳಿಗೆ ನೋವಾಗದಿರಲಿ ಎಂದೋ, ಕೊಯ್ದ ಗಿಂಡಿಯನ್ನು ಅಜ್ಜಿಯ ಮುಂದೆ ಇಡುವ ಧೈರ್ಯವಿಲ್ಲದೆಯೋ. ದಾರಿಯುದ್ದಕ್ಕೂ ನನ್ನೊಳಗೆ ಒಂದೇ ವಾದ ನಡೆಯಿತು. ಎರಡೂ ಗಂಗೆಯೇ. ಎರಡೂ ಕಾಶಿಯದೇ. ಇದಕ್ಕೂ ನೆಗ್ಗಿದೆ, ಬೆಸುಗೆ ಗಟ್ಟಿ ಇದೆ. ಗುರುವಾರ ಎಲ್ಲರೂ ಒಂದೊಂದು ಉದ್ಧರಣೆ ತೆಗೆದುಕೊಳ್ಳುತ್ತಾರೆ, ಅಜ್ಜಿ ಖುಷಿಯಾಗುತ್ತಾಳೆ, ಮುಗಿಯಿತು. ಯಾರಿಗೆ ಏನು ನಷ್ಟ? ಆದರೂ ಸಮಾಧಾನವಾಗಲಿಲ್ಲ. ಸವಣೂರಲ್ಲಿ ಇಳಿಯುವಾಗ ಸುಮಯ್ಯ ನನ್ನ ಕೈ ಹಿಡಿದು, “ಆಮ್ಯಾಲೆ ಹೇಳ್ತೀನಿ ಅಂದಿದ್ದಿ,” ಅಂದಳು.

“ಹೂಂ,” ಅಂದೆ.

*

ಮನೆಯಲ್ಲಿ ದೀಪ ಹಚ್ಚಿದ್ದರು. ಅಜ್ಜಿ ದೇವರ ಮನೆಯ ಹೊಸ್ತಿಲ ಹೊರಗೆ ಗೋಡೆಗೆ ಒರಗಿ ಬತ್ತಿ ಹೊಸೆಯುತ್ತಿದ್ದಳು. ನಾನು ಕೈಕಾಲು ತೊಳೆದು, ಅಟ್ಟದ ಏಣಿಯನ್ನು ಸುಮ್ಮನೆ ಒಂದು ಸಲ ಸರಿಸಿ ಸದ್ದು ಮಾಡಿ, ಬಾಳೆ ಎಲೆ ಬಿಚ್ಚಿ, ಗಿಂಡಿಯನ್ನು ಅವಳ ಮುಂದಿಟ್ಟೆ.

“ಬಂದ್ಯಾ ನಮ್ಮವ್ವಾ,” ಅಂದಳು ಅಜ್ಜಿ. ನನಗಲ್ಲ, ಗಿಂಡಿಗೆ.

ಮಡಿಲಿಗೆ ಎತ್ತಿಕೊಂಡು ಕಣ್ಣು ಮುಚ್ಚಿದಳು. ಬಲಗೈಯ ಹೆಬ್ಬೆರಳು ಸೀದಾ ಹೆಗಲಿಗೆ ಹೋಯಿತು. ಅಲ್ಲಿ ನುಣುಪು. ಬೆರಳು ಒಂದು ಸುತ್ತು ಬಂತು. ಇನ್ನೊಂದು ಸುತ್ತು ಬಂತು. ಕಣ್ಣು ತೆರೆದಳು. ಗಿಂಡಿ ತಿರುಗಿಸಿ ಮತ್ತೆ ಮೊದಲಿಂದ ಹುಡುಕಿದಳು. ಹೊಟ್ಟೆಯ ಮೇಲಿನ ತಗ್ಗು ಸಿಕ್ಕಿತು.

“ಇಲ್ಲೇ ಇತ್ತೇನು ಇದು?”

ಅಪ್ಪ ಪೇಪರಿನಿಂದ ತಲೆ ಎತ್ತಿ, “ನೆಗ್ಗು ಎಲ್ಲಿ ಹೋಗ್ತದವ್ವಾ? ಅಲ್ಲೇ ಇದ್ದೀತು,” ಅಂದ.

“ನನ್ನ ಬಟ್ಟು ಇಲ್ಲೆ ಹೋಗ್ತಿತ್ತಲ್ಲೋ ಜಯಾ,” ಅಜ್ಜಿ ಹೆಗಲನ್ನು ತೋರಿಸಿದಳು. “ಗಂಧಾನೂ ಇಲ್ಲ. ನಲವತ್ತು ವರ್ಷದ ಗಂಧ, ಒಂಚೂರೂ ಇಲ್ಲ.” ತನ್ನ ಹೆಬ್ಬೆರಳನ್ನು ದೀಪದ ಬೆಳಕಿಗೆ ಹಿಡಿದು ನೋಡಿಕೊಂಡಳು. “ಮೊನ್ನೆ ಕನ್ನಡಕ ಎಲ್ಲಿಟ್ಟೆ ಅಂತ ಮರತೆ. ನಿನ್ನೆ ಅಕ್ಷತಿ ಡಬ್ಬಿ ಮರತೆ. ತಲಿ ಮರೀತದ, ಇರಲಿ. ಈಗ ಕೈನೂ ಮರೀಲಿಕ್ಕೆ ಹತ್ತಿತೇನು?”

ಅಪ್ಪ ನಕ್ಕು ಏನೋ ಸಮಾಧಾನ ಹೇಳಿದ. ಅಜ್ಜಿ ನಗಲಿಲ್ಲ. ಹೊಟ್ಟೆಯ ತಗ್ಗಿನಲ್ಲಿ ಬೆರಳಿಟ್ಟು, ಬೆರಳಿಗೆ ಹೊಸ ಜಾಗ ಕಲಿಸುವವಳ ಹಾಗೆ ಮೆಲ್ಲಗೆ ಒತ್ತಿದಳು. ಮತ್ತೆ ಒತ್ತಿದಳು.

“ಇಲ್ಲೇ ಇತ್ತು. ಹೌದು. ಇಲ್ಲೇ ಇದ್ದೀತು,” ಅಂದಳು. “ನನಗ ತಪ್ಪು ನೆನಪು. ಹೌದಲ್ಲೋ ಹರಿ? ನಿನಗರೇ ನೆನಪಿರಬೇಕು, ದಿನಾ ನೋಡಿದಾಕಿ. ಇದ ಅಲ್ಲೇನು ನಮ್ಮದು?”

ಬಾಯಲ್ಲಿ ಹೂಂ ಇತ್ತು. ಅದು ಯಾವಾಗಲೂ ಅಲ್ಲೇ ಇರುತ್ತದೆ, ನಾನು ಕರೆಯುವ ಮೊದಲೇ ಬಂದು ನಿಂತಿರುತ್ತದೆ. ಅಜ್ಜಿಯ ಹೆಬ್ಬೆರಳು ಇನ್ನೂ ಆ ತಪ್ಪು ಜಾಗದಲ್ಲೇ ಇತ್ತು. ನಾನು ಅವಳ ಎದುರು ಕೂತು, ಆ ಕೈಯನ್ನು ಹಿಡಿದು, ಗಿಂಡಿಯಿಂದ ಬಿಡಿಸಿದೆ.

“ಅಲ್ಲಜ್ಜಿ,” ಅಂದೆ. “ನಿನ್ನ ಕೈ ಏನೂ ಮರ್ತಿಲ್ಲ. ಇದು ನಮ್ಮ ಗಿಂಡಿ ಅಲ್ಲ.”